ರೆಫ್ರಿ ಉಂಡ ರೊಟ್ಟಿ

ಆಗೆಲ್ಲ ನಮ್ಮೂರಿನ ಕೆರೆ ಬತ್ತಿದರೆ ಯಾರೂ ಅಯ್ಯೋ ಅನ್ನುತ್ತಿರಲಿಲ್ಲ. ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ನೀರು ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ತೂಬಿನ ಬಳಿ ಒಂದು ಹೊಂಡವಾಗಿ ನಿಂತುಬಿಡುತ್ತಿತ್ತು. ಮಿಕ್ಕ ಅಂಗಳವೆಲ್ಲ ಬಿಸಿಲಿಗೆ ಒಣಗಿ ಗಟ್ಟಿಯಾಗುವುದನ್ನೇ ಊರಿನ ಗಂಡಸರು ಕಾಯುತ್ತಿದ್ದರು. ಅಪ್ಪ ದಿನಾ ಬೆಳಿಗ್ಗೆ ಹೋಗಿ ಹಿಮ್ಮಡಿಯಿಂದ ನೆಲ ಗುದ್ದಿ ನೋಡಿ ಬರುತ್ತಿದ್ದ. "ಇನ್ನೊಂದು ವಾರ ಕಣೆ" ಎಂದು ಅವ್ವನಿಗೆ ಹೇಳುತ್ತಿದ್ದ, ಬೆಳೆ ಕೊಯ್ಲಿಗೆ ಬಂದವನ ಹಾಗೆ. ಕೊಯ್ಲೂ ಇಲ್ಲ, ಒಕ್ಕಣೆಯೂ ಇಲ್ಲ. ಕೆರೆ ಅಂಗಳದಲ್ಲಿ ಫುಟ್ಬಾಲ್ ಶುರುವಾಗುತ್ತಿತ್ತು, ಅಷ್ಟೆ.

ನಮ್ಮೂರು ಹನಗೋಡಿನಿಂದ ಸ್ವಲ್ಪ ಒಳಕ್ಕೆ. ಸುತ್ತಮುತ್ತ ಹೊಗೆಸೊಪ್ಪಿನ ಬೆಳೆ, ಮನೆಗೊಂದು ಬ್ಯಾರನ್ನು. ಹಸಿ ಸೊಪ್ಪನ್ನು ಒಳಗೆ ತೂಗುಹಾಕಿ ಕೆಳಗೆ ಬೆಂಕಿಯಿಟ್ಟು ಹದ ಮಾಡುವ ಆ ಎತ್ತರದ ಗೂಡು ನಮ್ಮ ಮನೆಯ ಹಿಂದೆಯೂ ಇತ್ತು. ಕಬಡ್ಡಿ ಬಿಟ್ಟರೆ ಬೇರೆ ಆಟ ಕಾಣದ ಈ ಊರುಗಳಿಗೆ ಫುಟ್ಬಾಲ್ ಬಂದದ್ದು ಶುಂಠಿಯ ಜೊತೆ. ಹೊಲ ಗುತ್ತಿಗೆ ಹಿಡಿದು ಶುಂಠಿ ಬೆಳೆಯಲು ಬಂದ ಕೇರಳದವರು ಸಂಜೆ ಹೊತ್ತು ಆಡುತ್ತಿದ್ದರು. ನಮ್ಮ ಹುಡುಗರು ಮೊದಲು ಬದುವಿನ ಮೇಲೆ ಕೂತು ನೋಡಿದರು. ಆಮೇಲೆ ಅವರಲ್ಲಿ ಯಾರಾದರೂ ಕಡಿಮೆ ಬಿದ್ದರೆ ಇಳಿದು ಆಡಿದರು. ಆಮೇಲೆ ಅವರನ್ನೇ ಸೋಲಿಸುತ್ತೇವೆಂದು ಮೀಸೆ ತಿರುವಿದರು. ನಾನು ಶಾಲೆಗೆ ಹೋಗುವ ಹೊತ್ತಿಗೆ ಊರೂರಿಗೂ ಏಳು ಜನರ ಒಂದೊಂದು ಟೀಮು ಹುಟ್ಟಿಕೊಂಡಿತ್ತು.

ಗೆರೆ ಎಳೆಯಲು ಸುಣ್ಣ ಯಾರು ಕೊಳ್ಳುತ್ತಾರೆ? ಬ್ಯಾರನ್ನಿನ ಒಲೆಯ ಬೂದಿಯನ್ನು ಮೂಟೆ ಕಟ್ಟಿ ಇಟ್ಟಿರುತ್ತಿದ್ದರು, ಅದನ್ನೇ ಸುರಿದು ಗೆರೆ. ನೀಲಗಿರಿ ಕಂಬ ನೆಟ್ಟು ಮೀನಿನ ಬಲೆ ಕಟ್ಟಿದರೆ ಗೋಲು. ಬಲೆಗೆ ಬಿಸಿಲು ತಾಗಿದಾಗ ಬರುವ ಮೀನಿನ ವಾಸನೆ, ಒಣಗಿದ ಕೆಸರಿನ ವಾಸನೆ, ಕಾರದಪುಡಿ ಹಚ್ಚಿದ ಸೌತೆಕಾಯಿಯ ವಾಸನೆ. ಇವತ್ತಿಗೂ ಸೌತೆಕಾಯಿ ಹೆಚ್ಚುವಾಗ ನನಗೆ ಮೊದಲು ಕೇಳಿಸುವುದು ಅಪ್ಪನ ಗಂಟಲು.

ಆ ಗಂಟಲಿನ ವಿಷಯ ಹೇಳಲೇಬೇಕು. ಅಪ್ಪ ನಿಂಗೇಗೌಡ ಜನ್ಮದಲ್ಲಿ ಒಮ್ಮೆಯೂ ಬಾಲು ಒದ್ದವನಲ್ಲ. ಆದರೆ ಮಧ್ಯದ ಗೆರೆಯ ಹತ್ತಿರ ಟವೆಲ್ ಕೊಡವಿ ನಿಂತನೆಂದರೆ ಇಪ್ಪತ್ತು ಜನ ಆಡುವಷ್ಟು ಆಟವನ್ನು ಬಾಯಲ್ಲೇ ಆಡುತ್ತಿದ್ದ. ಎದುರು ಟೀಮಿಗಿಂತ ನಮ್ಮವರಿಗೇ ಬೈಗುಳ ಜಾಸ್ತಿ. ಮುಂದೆ ಆಡುವ ಮಾದೇಶ ಯಾರಿಗೂ ಬಾಲು ಬಿಟ್ಟುಕೊಡುತ್ತಿರಲಿಲ್ಲ. "ಲೇ ಮಾದೇಸ, ಅದೇನು ನಿಮ್ಮಪ್ಪನ ಆಸ್ತಿ ಏನ್ಲಾ? ಪಾಸ್ ಕೊಡ್ಲಾ!" ಗೋಲಿನಲ್ಲಿ ನಿಲ್ಲುವ ಕರಿಯ ಬಾಲು ಹತ್ತಿರ ಬಂದ ಕೂಡಲೆ ಕಣ್ಣು ಮುಚ್ಚುತ್ತಿದ್ದ. "ಕಣ್ ಬುಡ್ಲಾ, ಕಣ್ ಬುಡು! ಬಾಲೇನು ಕಚ್ಚಾಕಿಲ್ಲ!" ಗೋಲಿನ ಮುಂದೆ ಅಡ್ಡ ನಿಲ್ಲುತ್ತಿದ್ದವನು ಅಪ್ಪನ ಸ್ವಂತ ತಮ್ಮ, ನನ್ನ ಚಿಕ್ಕಪ್ಪ ಸೋಮ. ಅವನಿಗೂ ರಿಯಾಯಿತಿ ಇರಲಿಲ್ಲ. "ಸೋಮಾ, ಅದು ಕಾಲೋ ಒನಕೆನೋ?" ಇನ್ನು ರೆಫ್ರಿ ನಮ್ಮ ವಿರುದ್ಧ ಪೀಪಿ ಊದಿದರೆ ಮುಗಿಯಿತು. "ಕನ್ನಡಕ ಆಕ್ಕೊಳ್ಳಿ ಸಾಬ್ರೇ! ಕಣ್ ಕಾಣದಿದ್ರೆ ಮನೇಲ್ ಕೂತ್ಕೊಳ್ಳಿ!" ಜನ ನಗುತ್ತಿದ್ದರು. ಕೆಲವರು ಆಟಕ್ಕಲ್ಲ, ಅಪ್ಪನ ಬಾಯಿ ಕೇಳುವುದಕ್ಕೆಂದೇ ಬರುತ್ತಿದ್ದರು. ಮನೆಯಲ್ಲಿ ನನ್ನ ಜಡೆಗೆ ರಿಬ್ಬನ್ ಕಟ್ಟಿಕೊಡುವ ಅಪ್ಪ ಇವನೇನಾ ಎಂದು ನನಗೆ ನಾಚಿಕೆಯಾಗಿ ಮೈ ಹಿಡಿಯಾಗುತ್ತಿತ್ತು. ಅದಕ್ಕೇ ನಾನು ಅವನಿಂದ ದೂರ, ಗೋಲಿನ ಬಲೆಯ ಹಿಂದೆ, ಮಿಕ್ಕ ಬೂದಿಯಲ್ಲಿ ಮನೆ ಬರೆದು ಗೆಳತಿ ಪದ್ಮಳ ಜೊತೆ ಕುಂಟಾಬಿಲ್ಲೆ ಆಡುತ್ತಾ ಇರುತ್ತಿದ್ದೆ.

ಸಾಬ್ರು ಎಂದರೆ ಖಲೀಲ್ ಸಾಬ್ರು. ಹುಣಸೂರಿನವರು, ತಗಡಿನ ಕೆಲಸ. ಬ್ಯಾರನ್ನಿನೊಳಗೆ ಬೆಂಕಿಯ ಕಾವು ಹರಿಯುವ ತಗಡಿನ ಪೈಪುಗಳನ್ನು ಮಾಡುತ್ತಿದ್ದವರು, ರಿಪೇರಿ ಮಾಡುತ್ತಿದ್ದವರು ಅವರೇ. ಮಳೆಗಾಲದ ಶುರುವಿಗೆ ಬಂದು ಒಂದೊಂದು ಮನೆಯಲ್ಲಿ ಎರಡು ಮೂರು ದಿನ ಕೆಲಸ ಮಾಡಿ ಹೋಗುತ್ತಿದ್ದರು. ನಮ್ಮ ಮನೆಗೆ ಬಂದಾಗ ಬ್ಯಾರನ್ನಿನ ಜಗಲಿಯ ಮೇಲೆ ಅವರಿಗೆ ಊಟ. ಅವ್ವನ ಬಸ್ಸಾರನ್ನು ಎರಡನೇ ಸಲ ಹಾಕಿಸಿಕೊಂಡು, "ತಾಯಿ, ನಮ್ಮ ಮನೇಲಿ ಈ ಹದ ಬರಲ್ಲ" ಎನ್ನುತ್ತಿದ್ದರು. ಅವ್ವ ಅವರನ್ನು ಖಲೀಲಣ್ಣ ಎನ್ನುತ್ತಿದ್ದಳು. ತಗಡಿನ ಚೂರಿನಿಂದ ನನಗೆ ಪುಟ್ಟ ಮೊರ, ಪುಟ್ಟ ಜರಡಿ ಮಾಡಿಕೊಡುತ್ತಿದ್ದರು.

ಈ ಖಲೀಲ್ ಸಾಬ್ರು ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ ಎಲ್ಲ ಊರಿನ ಆಟಕ್ಕೂ ರೆಫ್ರಿ. ಅದಕ್ಕೆ ಕಾರಣ ಅವರ ಪೀಪಿಗಿಂತ ಹೆಚ್ಚಾಗಿ ಅವರ ಬುತ್ತಿ. ಯಾವುದೋ ಊರಿನಲ್ಲಿ ಹಿಂದೊಮ್ಮೆ ರೆಫ್ರಿ ಒಬ್ಬ ಆಟಕ್ಕೆ ಮೊದಲು ಒಂದು ಟೀಮಿನವರ ಮನೆಯಲ್ಲಿ ಕೋಳಿಸಾರು ಉಂಡಿದ್ದು ಗೊತ್ತಾಗಿ ತಲೆ ಒಡೆದಿದ್ದವಂತೆ. ಉಂಡವನು ಉಂಡ ಮನೆಗೆ ಎರಡು ಬಗೆಯುವುದುಂಟೆ? ಹಾಗಾಗಿ ಎಲ್ಲ ಊರಿನವರೂ ಕೂತು ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಆಟದ ದಿನ ಆಟ ನಡೆಯುವ ಊರಲ್ಲಿ ರೆಫ್ರಿ ಹನಿ ನೀರೂ ಮುಟ್ಟಬಾರದು. ಖಲೀಲ್ ಸಾಬ್ರು ತಮ್ಮ ಬುತ್ತಿ, ತಮ್ಮ ನೀರು ತಾವೇ ತರುತ್ತಿದ್ದರು. ಯಾರಾದರೂ ಎಲೆಯಡಿಕೆ ಚಾಚಿದರೂ, "ಇವತ್ತು ಮ್ಯಾಚು" ಎಂದು ಕೈ ಮುಗಿಯುತ್ತಿದ್ದರು. ಸಾಬ್ರು ಊದಿದರೆ ಊದಿದ ಹಾಗೆ ಎಂದು ಜನ ಒಪ್ಪುತ್ತಿದ್ದುದು ಅದಕ್ಕೇ. ಕಿರುಚುತ್ತಿದ್ದ ಅಪ್ಪನೂ ಕೊನೆಗೆ ಒಪ್ಪುತ್ತಿದ್ದ.

ಆ ವರ್ಷ ನಮ್ಮ ಟೀಮು ಫೈನಲ್ಲಿಗೆ ಬಂತು. ಎದುರಿಗೆ ರಾವಂದೂರು ಕಡೆಯವರು. ಗೆದ್ದವರಿಗೆ ಒಂದು ಕಪ್ಪು, ಒಂದು ಟಗರು. ಕಪ್ಪಿಗಿಂತ ಟಗರಿನ ಮೇಲೆ ಎಲ್ಲರ ಕಣ್ಣು. ಅದನ್ನು ಏರಿಯ ಮೇಲಿನ ಹೊಂಗೆಮರಕ್ಕೆ ಕಟ್ಟಿ ಕೊಂಬಿಗೆ ಅರಿಶಿನ ಬಳಿದಿದ್ದರು. ಅಪ್ಪ ಬೆಳಿಗ್ಗೆಯೇ ಬೂದಿ ಸುರಿಸಲು ಹೋಗಿಬಿಟ್ಟಿದ್ದ.

ಮಧ್ಯಾಹ್ನ ಅವ್ವ ಬ್ಯಾರನ್ನಿನ ಹತ್ತಿರ ಸೌದೆ ಒಟ್ಟುತ್ತಿದ್ದಳು, ನಾನು ಚಿಕ್ಕವು ಚಿಕ್ಕವು ಎತ್ತಿಕೊಡುತ್ತಿದ್ದೆ. ಹೊಲದ ಅಡ್ಡದಾರಿಯಲ್ಲಿ ಖಲೀಲ್ ಸಾಬ್ರು ಬಂದರು. ಯಾವಾಗಲೂ ಟಿವಿಎಸ್ ಗಾಡಿಯಲ್ಲಿ ಬರುವವರು ಅವತ್ತು ನಡೆದು ಬರುತ್ತಿದ್ದರು. ಗಾಡಿ ದಾರಿಯಲ್ಲಿ ಕೆಟ್ಟು, ಹನಗೋಡಿನಲ್ಲಿ ರಿಪೇರಿಗೆ ಬಿಟ್ಟು, ಹೊತ್ತಾಯಿತೆಂದು ಗಾಬರಿಯಲ್ಲಿ ಯಾವುದೋ ಟ್ರ್ಯಾಕ್ಟರ್ ಹತ್ತಿ ಬಂದಿದ್ದರು. ಬುತ್ತಿಯ ಚೀಲ ಗಾಡಿಯಲ್ಲೇ ಉಳಿದಿತ್ತು. ಅಷ್ಟು ಹೇಳುವುದರೊಳಗೆ ಜಗಲಿ ಹಿಡಿದು ಕೂತುಬಿಟ್ಟರು. ಅಂಗಿಯೆಲ್ಲ ಬೆವರು. ಕೈ ನೋಡಿದೆ, ನಡುಗುತ್ತಿತ್ತು.

"ಸಕ್ಕರೆ ಕಾಯಿಲೆ ತಾಯಿ. ಬೆಳಿಗ್ಗೆ ಮಾತ್ರೆ ನುಂಗಿದ್ದೆ, ಹೊಟ್ಟೆಗೇನೂ ಬಿದ್ದಿಲ್ಲ, ಸಕ್ಕರೆ ಇಳಿದುಹೋಗಿದೆ. ಒಂದು ಚೂರು ಬೆಲ್ಲ ಇದ್ರೆ ಕೊಡಿ, ಬಾಯಿಗೆ ಹಾಕ್ಕೊಂಡು ಹೊರಡ್ತೀನಿ."

ಅವ್ವ ಓಡಿಹೋಗಿ ಬೆಲ್ಲ ತಂದಳು. ಅದರ ಹಿಂದೆಯೇ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದಿಟ್ಟಳು.

"ಬೇಡ ತಾಯಿ, ಇವತ್ತು ಮ್ಯಾಚು."

"ನಿಮ್ಮ ಮ್ಯಾಚು ಗೀಚು ನಂಗೊತ್ತಿಲ್ಲ ಖಲೀಲಣ್ಣ. ನನ್ನ ಮನೆ ಬಾಗ್ಲಲ್ಲಿ ಬಿದ್ದೋದ್ರೆ ನಿಮ್ಮ ಎಂಡ್ರು ಮಕ್ಕಳ್ಗೆ ನಾನೇನು ಜವಾಬು ಯೋಳ್ಲಿ? ಸುಮ್ನೆ ತಿನ್ನಿ."

ಅವರು ತಿಂದರು. ನಾನು ಚೊಂಬು ಹಿಡಿದು ನಿಂತಿದ್ದೆ. ಮೊದಲ ತುತ್ತು ಬಾಯಿಗೆ ಹೋಗುವಾಗ ಬೆರಳಿನಿಂದ ಚಟ್ನಿ ಉದುರುವಷ್ಟು ನಡುಕ. ಸ್ವಲ್ಪ ಹೊತ್ತಿನಲ್ಲಿ ಕೈ ನಿಂತಿತು, ಮುಖಕ್ಕೆ ಬಣ್ಣ ಬಂತು. ಏಳುವಾಗ, "ಯಾರಿಗೂ ಹೇಳ್ಬೇಡಿ ತಾಯಿ" ಎಂದರು. ನನ್ನ ಕಡೆಗೂ ನೋಡಿದರು. ನಾನು ತಲೆಯಾಡಿಸಿದೆ.

ಅವ್ವ ಹೇಳಿದ್ದು ಅಪ್ಪ ಒಬ್ಬನಿಗೆ. ಬಟ್ಟೆ ಬದಲಿಸಲು ಮನೆಗೆ ಬಂದವನಿಗೆ ನಡುಗುವ ಕೈ, ಬೆವರು, ಬೆಲ್ಲ ಎಲ್ಲವನ್ನೂ ಹೇಳಿದಳು. ಗಂಡನಿಂದ ಮುಚ್ಚಿಡುವುದು ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಕೇಳಿಸಿಕೊಂಡದ್ದು ಒಂದೇ ಮಾತು. "ಉಂಡ್ರಾ? ನಮ್ಮನೇಲಾ? ಒಳ್ಳೇದಾಯ್ತು ಬುಡು" ಎಂದು ನಗುತ್ತಾ ಟವೆಲ್ ಕೊಡವಿದ. ಅವನಿಗೆ ಆಗಲೇ ಟಗರು ಮನೆಗೆ ಬಂದ ಹಾಗಿತ್ತು.

ಆಟ ಶುರುವಾಯಿತು. ಅರ್ಧ ಆಟದೊಳಗೆ ಮಾದೇಶ ಒಂದು ಗೋಲು ಹೊಡೆದ. ಬಾಲು ಗೆರೆ ದಾಟಿತೇ, ಗೆರೆಯ ಮೇಲೇ ಇತ್ತೇ ಎಂದು ರಾವಂದೂರಿನವರು ಜಗಳ ತೆಗೆದರು. ಸಾಬ್ರು ಬೂದಿ ಕದಡಿದ ಜಾಗ ತೋರಿಸಿ ಗೋಲು ಕೊಟ್ಟರು. ಅಪ್ಪ ಅವತ್ತು ಒಮ್ಮೆಯೂ ಬೈದಿರಲಿಲ್ಲ. ಮೀಸೆಯೊಳಗೇ ನಗುತ್ತಾ ನಿಂತಿದ್ದ. ನನಗೂ ಏನೋ ನೆಮ್ಮದಿ, ಇವತ್ತು ಅಪ್ಪ ಮರ್ಯಾದಸ್ಥನಾಗಿದ್ದಾನೆ ಎಂದು.

ಇನ್ನೇನು ಆಟ ಮುಗಿಯಬೇಕು. ರಾವಂದೂರಿನವನೊಬ್ಬ ಎತ್ತಿ ಹೊಡೆದ ಬಾಲು ನಮ್ಮ ಗೋಲಿನ ಮುಂದೆ ಇಳಿಯುತ್ತಿತ್ತು. ನಾನು ಬಲೆಯ ಹಿಂದೆಯೇ ಇದ್ದೆ. ಕರಿಯ ಕಣ್ಣು ಮುಚ್ಚಿದ್ದ. ಚಿಕ್ಕಪ್ಪ ಸೋಮ ಹಾರಿದ, ತಲೆಗೆ ಎಟುಕಲಿಲ್ಲ, ಕೈ ಎತ್ತಿ ತಳ್ಳಿಬಿಟ್ಟ. ಅಂಗೈಗೆ ಬಡಿದ ಸದ್ದು ನನಗೆ ಕೇಳಿಸಿತು. ಪದ್ಮ ನನ್ನ ಮುಖ ನೋಡಿದಳು. ಸಾಬ್ರು ಪೀಪಿ ಊದಿ ಪೆನಾಲ್ಟಿ ಜಾಗಕ್ಕೆ ಕೈ ತೋರಿಸಿದರು.

ಅಪ್ಪ ಗೆರೆ ದಾಟಿ ಒಳಕ್ಕೆ ನುಗ್ಗಿದ. ಬಾಯಲ್ಲಿ ಎಷ್ಟು ಬೈದರೂ ಗೆರೆ ದಾಟದವನು. ಸಾಬ್ರನ್ನು "ನೀವು" ಬಿಟ್ಟು ಮಾತಾಡಿಸದವನು.

"ಉಂಡ್ಮನೆ ಜಂತೆ ಎಣಿಸ್ತೀಯೇನಯ್ಯಾ? ಮದ್ಯಾನ ನಮ್ಮ ಜಗಲಿ ಮ್ಯಾಲೆ ಕೂತ್ಕಂಡು ನನ್ನ ಎಂಡ್ರು ಕೈಲಿ ರೊಟ್ಟಿ ಇಕ್ಕಿಸ್ಕಂಡು ತಿಂದು, ಈಗ ನಮಗೇ ಪೆನಾಲ್ಟಿ ಊದ್ತೀಯಾ?"

ಏರಿಯ ಮೇಲೆ ಟಗರು ಒಂದು ಸಲ ಅರಚಿತು, ಅದನ್ನೂ ಕೇಳಿಸಿಕೊಂಡೆವು.

ರಾವಂದೂರು ಟೀಮಿನ ಹಿರಿಯನೊಬ್ಬ ಮೆಲ್ಲಗೆ ಮುಂದೆ ಬಂದ. "ಏನಂದ್ರಿ ಗೌಡ್ರೇ? ರೆಫ್ರಿ ನಿಮ್ಮನೇಲಿ ಉಂಡವ್ರಾ?"

ಆಗ ಅಪ್ಪನಿಗೆ ತಾನೇನು ಅಂದೆ ಎನ್ನುವುದು ಗೊತ್ತಾಯಿತು. ಆಟ ನಡೆಸುತ್ತಿದ್ದ ನಮ್ಮೂರಿನ ಯಜಮಾನ ಕೆಂಚಣ್ಣ ಸಾಬ್ರ ಹತ್ತಿರ ಬಂದು, "ಇಲ್ಲ ಅಂದ್ಬುಡಿ ಸಾಬ್ರೇ, ಅಷ್ಟು ಸಾಕು" ಎಂದ. ಅವನು ಬೇಡಿಕೊಳ್ಳುತ್ತಿದ್ದ ಹಾಗಿತ್ತು.

"ಉಂಡಿದೀನಿ" ಎಂದರು ಖಲೀಲ್ ಸಾಬ್ರು. ಯಾಕೆ ಉಂಡೆ ಎಂದು ಅವರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಗದ್ದಲ ಎದ್ದಿತು. ಪೆನಾಲ್ಟಿ ಸಿಕ್ಕಿದ್ದವರೇ ಈಗ ಪೆನಾಲ್ಟಿ ಬೇಡ ಎಂದು ಕೂಗಿದರು. ರೊಟ್ಟಿ ತಿಂದೇ ಮೊದಲನೇ ಗೋಲು ಕೊಟ್ಟಿದ್ದು, ಕಣ್ಣಿಗೆ ಮಣ್ಣೆರಚಲು ಈಗ ಈ ಪೆನಾಲ್ಟಿ ಎಂದರು. ಕಟ್ಟುಪಾಡು ಮುರಿದು ಊರಿಗೆ ಕೆಟ್ಟ ಹೆಸರು ತಂದರೆಂದು ನಮ್ಮವರೂ ಸಾಬ್ರ ಮೇಲೆಯೇ ಬಿದ್ದರು. ನಾನು ಓಡಿಹೋಗಿ ಅಪ್ಪನ ಪಂಚೆ ಹಿಡಿದು ಜಗ್ಗಿದೆ. "ಅಪ್ಪಾ, ಯಾಕೆ ಉಂಡ್ರು ಅಂತ ಯೋಳಪ್ಪಾ. ಅವ್ವ ಯೋಳಿದ್ಳಲ್ಲ, ಯೋಳಪ್ಪಾ."

"ಸುಮ್ನಿರು ಮಗಾ" ಎಂದ ಅಪ್ಪ. ನನ್ನ ಕಡೆ ನೋಡಲಿಲ್ಲ.

"ಅವರ ಕೈ ನಡುಗ್ತಿತ್ತು!" ಎಂದು ನಾನೇ ಕೂಗಿದೆ. ಅಷ್ಟು ಗಂಡಸರ ಗಂಟಲಿನ ನಡುವೆ ಒಂದು ಕೂಸಿನ ಮಾತು ಯಾರಿಗೆ ಕೇಳುತ್ತದೆ? ಸಾಬ್ರಿಗೆ ಮಾತ್ರ ಕೇಳಿಸಿತು. ಅವರು ನನ್ನ ಕಡೆ ತಿರುಗಿ, ಬೇಡ ಎನ್ನುವ ಹಾಗೆ ತಲೆಯಾಡಿಸಿದರು. ಕೊರಳಿನ ದಾರದಿಂದ ಪೀಪಿ ಬಿಚ್ಚಿ ಕೆಂಚಣ್ಣನ ಕೈಗಿಟ್ಟು ಏರಿ ಹತ್ತಿ ಹೋದರು. ಹನಗೋಡಿಗೆ ನಡೆದುಕೊಂಡೇ ಹೋಗಿರಬೇಕು. ಆಟ ಅಲ್ಲಿಗೇ ನಿಂತಿತು. ಟಗರು ಕೊಟ್ಟವನು ಅರಿಶಿನ ಬಳಿದ ಟಗರನ್ನು ವಾಪಸ್ ಹೊಡೆದುಕೊಂಡು ಹೋದ.

ನಾವು ಮನೆ ಮುಟ್ಟುವುದಕ್ಕೆ ಮೊದಲೇ ಸುದ್ದಿ ಮುಟ್ಟಿತ್ತು. ಅವ್ವ ರಾಗಿ ಕೇರುತ್ತಾ ಕೂತಿದ್ದಳು. ಜಗಳ ಆಡುತ್ತಾಳೆ ಎಂದು ನಾನು ಕಾದೆ. ಆಡಿದ್ದರೆ ಚೆನ್ನಾಗಿತ್ತು.

"ನಾನು ರೆಫ್ರಿಗೆ ಇಕ್ಕಿರ್ಲಿಲ್ಲ" ಎಂದಳು, ಮೊರದಿಂದ ಕಣ್ಣೆತ್ತದೆ. "ಅಸ್ದು ಬಂದೋರ್ಗೆ ಇಕ್ಕಿದ್ದೆ."

ಅಪ್ಪ ಜಗಲಿಯ ಮೇಲೆ ಕೂರಲು ಹೋಗಿ, ಕೂರದೆ ಹಿತ್ತಲಿಗೆ ಹೋದ.

ಮಾರನೆಯ ದಿನ ಶಾಲೆಯಲ್ಲಿ ನನ್ನ ಡಬ್ಬಿಯಿಂದ ಪದ್ಮಳಿಗೆ ಚಕ್ಕುಲಿ ಚಾಚಿದೆ. ಚಕ್ಕುಲಿ ಎಂದರೆ ಪ್ರಾಣ ಬಿಡುವ ಪದ್ಮ ಕೈ ಹಿಂದಕ್ಕೆಳೆದುಕೊಂಡಳು. "ಬ್ಯಾಡ ಕಣೆ. ಆಮೇಲೆ ನಿಮ್ಮಪ್ಪ ಊರ್ಗೆಲ್ಲ ಕೂಗಿ ಯೋಳ್ತಾನೆ." ಅವಳು ತಮಾಷೆಗೇ ಅಂದಿದ್ದು. ಸುತ್ತಲಿದ್ದವರು ನಕ್ಕರು. ನನಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಆ ಚಕ್ಕುಲಿಯನ್ನು ನಾನೂ ತಿನ್ನಲಿಲ್ಲ. ಅಪ್ಪ ಬೈಯುವುದಕ್ಕೆ ಆಗುತ್ತಿದ್ದ ನಾಚಿಕೆ ಒಂದು ಥರ, ಇದು ಬೇರೆ ಥರ. ನಮ್ಮ ಮನೆಯ ಅನ್ನಕ್ಕೇ ಏನೋ ಅಂಟಿಕೊಂಡ ಹಾಗೆ.

ಆಮೇಲೆ ಯಾವ ಊರಿನವರೂ ಖಲೀಲ್ ಸಾಬ್ರನ್ನು ಆಟಕ್ಕೆ ಕರೆಯಲಿಲ್ಲ. ಬೇರೆ ಯಾರ್ಯಾರೋ ಬಂದು ಊದಿದರು. ಪ್ರತಿ ಆಟದಲ್ಲೂ ಜಗಳ.

ಮಳೆ ಶುರುವಾಯಿತು, ಪೈಪು ರಿಪೇರಿಯ ಕಾಲ ಬಂತು. ಈ ಸಲ ಸಾಬ್ರು ಬರುವುದಿಲ್ಲ ಎಂದುಕೊಂಡು ಅಪ್ಪ ಬೇರೆ ಕೆಲಸದವನನ್ನು ವಿಚಾರಿಸುತ್ತಿದ್ದ. ಆದರೆ ಅವರು ಬಂದರು. ಯಾವಾಗಿನ ಹಾಗೆಯೇ ಗಾಡಿ ನಿಲ್ಲಿಸಿ, "ಗೌಡ್ರೇ, ಎಷ್ಟು ಪೈಪು ಹೋಗಿದೆ ನೋಡೋಣ ಬನ್ನಿ" ಎಂದು ಬ್ಯಾರನ್ನಿನೊಳಗೆ ಹೋದರು. ಅಪ್ಪನಿಗೆ ಅದೆಷ್ಟು ಖುಷಿಯಾಯಿತೆಂದರೆ ಅವರು ಹೇಳದಿದ್ದರೂ ತಾನೇ ತಗಡು ಹಿಡಿದು ನಿಂತ. ಒಳಗೆ ಹೋಗಿ ಅವ್ವನಿಗೆ, "ಬಸ್ಸಾರು ಮಾಡು ಕಣೆ, ಚೆನ್ನಾಗ್ ಮಾಡು" ಎಂದ.

ಊಟದ ಹೊತ್ತಿಗೆ ಅವ್ವ ಜಗಲಿ ಸಾರಿಸಿ, ತಟ್ಟೆಯಿಟ್ಟು ಕರೆದಳು. ಸಾಬ್ರು ಕೈ ತೊಳೆದುಕೊಂಡು ಬಂದರು. ಬಂದವರು ಗಾಡಿಯಿಂದ ಚೀಲ ಬಿಚ್ಚಿ ಹಲಸಿನ ಮರದ ಕೆಳಗೆ ಕೂತರು.

"ಬುತ್ತಿ ತಂದಿದೀನಿ ತಾಯಿ."

ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅಪ್ಪ ಚೊಂಬು ಹಿಡಿದು ಮರದ ಹತ್ತಿರ ಹೋದ. "ನೀರಾದ್ರೂ ಕುಡೀರಿ ಸಾಬ್ರೇ."

ಅವರು ಪಕ್ಕದಲ್ಲಿದ್ದ ಬಾಟಲಿ ಎತ್ತಿ ತೋರಿಸಿದರು. "ಅದೂ ತಂದಿದೀನಿ ಗೌಡ್ರೇ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಪ್ಪ ಕಾಲು ಹಿಡಿಯುತ್ತಿದ್ದನೋ ಏನೋ. ಸಿಟ್ಟಿಲ್ಲದವರ ಕಾಲು ಹೇಗೆ ಹಿಡಿಯುವುದು? ಚೊಂಬಿನ ನೀರನ್ನು ಹಲಸಿನ ಬುಡಕ್ಕೆ ಚೆಲ್ಲಿ ಬಂದ. ಅವತ್ತು ಅಪ್ಪನ ಮುಖ ನೋಡಲು ನನಗೆ ಆಗಲಿಲ್ಲ. ಅಪ್ಪನಿಗಾಗಿ ನಾಚಿಕೆ, ಅವನನ್ನು ನೋಡಿ ಅಯ್ಯೋ ಅನ್ನುವ ಸಂಕಟ, ಎರಡೂ ಒಟ್ಟಿಗೇ ಬಂದಿದ್ದವು.

ಆಮೇಲೆ ವರ್ಷಾ ವರ್ಷಾ ಸಾಬ್ರು ಬಂದರು, ಪೈಪು ಮಾಡಿದರು, ಮರದ ಕೆಳಗೆ ಬುತ್ತಿ ಬಿಚ್ಚಿದರು. ನನ್ನ ಮದುವೆಗೂ ಬಂದು ಮುಯ್ಯಿ ಮಾಡಿ, ಊಟದ ಪಂಕ್ತಿ ಕೂರುವ ಹೊತ್ತಿಗೆ ಹೊರಟುಹೋಗಿದ್ದರು. ಅಪ್ಪ ಚಪ್ಪರದ ಬಾಗಿಲವರೆಗೂ ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಬಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ದೊಡ್ಡವರು ಸುಮ್ಮನೆ ಹೇಳುವುದಿಲ್ಲ.

ಈಗ ನಮ್ಮೂರಿನ ಕೆರೆ ಬತ್ತುವುದಿಲ್ಲ. ಹೊಳೆಯಿಂದ ಪೈಪಿನಲ್ಲಿ ನೀರು ತುಂಬಿಸುತ್ತಾರೆ, ಬೇಸಿಗೆಯಲ್ಲೂ ಅಂಗಳ ಕಾಣುವುದಿಲ್ಲ. ಒಳ್ಳೆಯದೇ ಆಯಿತು, ಬೋರುಗಳಲ್ಲಿ ನೀರಿದೆ. ಆದರೆ ಬೂದಿಯ ಗೆರೆ, ಮೀನಿನ ಬಲೆ, ನೀಲಗಿರಿ ಕಂಬ ಎಲ್ಲವೂ ಆ ನೀರಿನಡಿಗೆ ಹೋದವು. ತವರಿಗೆ ಹೋದಾಗ ಅಪ್ಪ ನನ್ನ ಮಗನ ಜೊತೆ ಮೊಬೈಲಿನಲ್ಲಿ ಯಾವುದೋ ದೇಶದವರ ಆಟ ನೋಡುತ್ತಿರುತ್ತಾನೆ. ಮಗ, "ತಾತಾ, ರೆಫ್ರಿ ಮೋಸ ಮಾಡ್ದ!" ಎಂದು ಹಾರಾಡಿದರೆ, "ಅವನ್ಗೆ ಕಂಡಿದ್ದ ಅವನು ಊದವ್ನೆ, ಬುಡ್ಲಾ" ಎನ್ನುತ್ತಾನೆ, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ. ಆ ಗಂಟಲಿಗೆ ನಾಚಿ ಬಲೆಯ ಹಿಂದೆ ಅಡಗುತ್ತಿದ್ದವಳು ನಾನು. ಈಗ ಒಂದು ಸಲ ಕೂಗಬಾರದೇ ಅನ್ನಿಸುತ್ತದೆ.

ಹೋದ ಮಳೆಗಾಲದಲ್ಲಿ ಸಾಬ್ರಿಗೆ ಹುಷಾರಿಲ್ಲ ಎಂದು ಗೊತ್ತಾಗಿ ಅಪ್ಪನನ್ನು ಹುಣಸೂರಿಗೆ ಕರೆದುಕೊಂಡು ಹೋದೆ. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣನ್ನು ಮಂಜು ಮಾಡಿತ್ತು. ಮಂಚದ ಮೇಲೆ ಒರಗಿದ್ದರು. ಅಪ್ಪ ಬಾಗಿಲಲ್ಲಿ ನಿಂತು, "ಸಾಬ್ರೇ" ಎಂದ.

"ಗೌಡ್ರಾ? ಬನ್ನಿ ಬನ್ನಿ" ಎಂದು ಅವರು ಎದ್ದು ಕೂತರು. "ಈ ಗಂಟಲು ಮರೆಯೋಕಾಗತ್ತಾ? ಇವತ್ತೇ ನೀವು ಕನ್ನಡಕ ಹಾಕ್ಕೊಳ್ಳಿ ಅಂತ ಕೂಗ್ಬೇಕಿತ್ತು ನೋಡಿ." ಅವರೇ ನಕ್ಕರು. ಅಪ್ಪ ನಗಲಿಲ್ಲ.

ಅವರ ಹೆಂಡತಿ ಟೀ, ರಸ್ಕು ತಂದಿಟ್ಟರು. ಅಪ್ಪ ಲೋಟ ಎತ್ತಿ ಹಿಡಿದುಕೊಂಡ. ಹಿಡಿದುಕೊಂಡೇ ಇದ್ದ. ಕುಡಿಯುವ ಸದ್ದು ಬಾರದ್ದು ಸಾಬ್ರಿಗೆ ಗೊತ್ತಾಗಿರಬೇಕು. ಕೈ ಚಾಚಿ ಅಪ್ಪನ ಮೊಣಕಾಲು ಮುಟ್ಟಿದರು.

"ಕುಡೀರಿ ಗೌಡ್ರೇ. ಇವತ್ತು ಮ್ಯಾಚಿಲ್ಲ."

ಅಪ್ಪ ಕುಡಿದ. ಖಾಲಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ಹೊರಡುವಾಗ, "ಒಂದ್ಸಲ ಮನೇಗ್ ಬನ್ನಿ ಸಾಬ್ರೇ. ಅವಳು ಬಸ್ಸಾರು ಮಾಡ್ತಾಳೆ" ಎಂದ. "ಬತ್ತೀನಿ, ಮಳೆ ಒಂಚೂರು ನಿಲ್ಲಲಿ" ಎಂದರು.

ಮಳೆ ನಿಲ್ಲುವುದಕ್ಕೆ ಮೊದಲೇ ಅವರು ತೀರಿಕೊಂಡರು. ಅವರ ಮನೆಯಲ್ಲಿ ಕೂತು ಅಪ್ಪ ಕೇಳಿಸಿಕೊಂಡ "ಇವತ್ತು ಮ್ಯಾಚಿಲ್ಲ" ಎನ್ನುವ ಆ ಮಾತನ್ನು, ನಮ್ಮ ಜಗಲಿಯ ಮೇಲೆ ತಟ್ಟೆಯಿಟ್ಟು ಅವರಿಗೆ ಹೇಳುವ ಭಾಗ್ಯ ಅವನಿಗೆ ಬರಲೇ ಇಲ್ಲ.